ಅಮ್ಮಸಂದ್ರ ಸೀಮೆಯ ಆಡುಮಾತಿನಲ್ಲಿ ಲಿಂಗ ಮತ್ತು ಷಷ್ಠಿ

ತುಮಕೂರು ಜಿಲ್ಲೆಯ ತುರುವೇಕೆರೆ ತಾಲ್ಲೂಕಿನ ಅಮ್ಮಸಂದ್ರವು ತೆಂಗಿನ ಸೀಮೆಯ ಊರು. ಈ ಸೀಮೆಯ ಕಥನಗಳನ್ನು ಬರಹಕ್ಕಿಳಿಸುವಾಗ ಆಡುಮಾತಿನ ಲಿಂಗಪ್ರಯೋಗವನ್ನು ತಿದ್ದಬೇಕೆ ಎಂಬ ಪ್ರಶ್ನೆ ಎದುರಾಗುತ್ತದೆ.

ಇಟಾಲಿಯನ್ ಭಾಷೆಯಲ್ಲಿ ಪ್ರತಿಯೊಂದು ನಾಮಪದವೂ ಪುಲ್ಲಿಂಗ ಇಲ್ಲವೆ ಸ್ತ್ರೀಲಿಂಗಕ್ಕೆ ಸೇರುತ್ತದೆ. ‘ಮನೆ’ ಎಂಬರ್ಥದ ‘ಕಾಸಾ’ ಸ್ತ್ರೀಲಿಂಗ. ಗುಣವಾಚಕವು ಸಾಮಾನ್ಯವಾಗಿ ನಾಮಪದದ ನಂತರ ಬಂದು ಅದರ ಲಿಂಗವಚನಗಳನ್ನು ಅನುಸರಿಸುತ್ತದೆ. ಕನ್ನಡದಲ್ಲಿ ಲಿಂಗವು ಅರ್ಥವನ್ನು ಅವಲಂಬಿಸಿದೆ. ಗುಣವಾಚಕವು ಮೊದಲೇ ಬಂದು ರೂಪ ಬದಲಿಸದೆ ಉಳಿಯುತ್ತದೆ: ಎಳೆ ಕಾಯಿ, ಎಳೆ ಮಕ್ಕಳು.

ಷಷ್ಠಿಯಲ್ಲಿಯೂ ಭೇದವಿದೆ. ಇಟಾಲಿಯನ್ನಿನ ‘ಸುವೊ’, ‘ಸುವಾ’ ರೂಪಗಳು ಒಡೆತನಕ್ಕೊಳಪಟ್ಟ ವಸ್ತುವಿನ ಲಿಂಗವನ್ನು ಸೂಚಿಸಿದರೆ, ಕನ್ನಡದ ‘ಅವನ’, ‘ಅವಳ’ ಒಡೆಯರ ಲಿಂಗವನ್ನು ಸೂಚಿಸುತ್ತವೆ. ಬಂಧುವಾಚಕಗಳಲ್ಲಿ ಎರಡೂ ಭಾಷೆಗಳು ತಮ್ಮ ವಾಡಿಕೆಯನ್ನು ಸಡಿಲಿಸುತ್ತವೆ. ‘ನನ್ನ ತಂದೆ’ ಎನ್ನುವಾಗ ಇಟಾಲಿಯನ್ ಗುಣಿಯು ‘ಇಲ್’ ಎಂಬ ನಿರ್ದೇಶಕವನ್ನು ಬಿಡುತ್ತಾನೆ. ಹಳ್ಳಿಯ ಕನ್ನಡಿಗನು ಒಬ್ಬನೇ ಮಗನಾದರೂ ‘ನಮ್ಮಪ್ಪ’ ಎನ್ನುತ್ತಾನೆ. ಇಲ್ಲಿ ಬಹುವಚನವು ಮನೆತನವನ್ನು ಸೂಚಿಸುತ್ತದೆ.

ಲಿಂಗಪ್ರಯೋಗವೂ ಹೀಗೆಯೇ ಸಂಬಂಧವನ್ನು ಅನುಸರಿಸುತ್ತದೆ. ಮಳೆಗೆ ‘ಮಳೆರಾಯ ಬಂದ’ ಎಂಬ ಪುಲ್ಲಿಂಗ. ಹಿರಿಯ ಹೆಂಗಸಿಗೆ ‘ಆಯಮ್ಮ ಬಂತು’ ಎಂಬ ನಪುಂಸಕ. ಈ ನಪುಂಸಕವು ತಿರಸ್ಕಾರವಲ್ಲ. ‘ಬಂದಳು’ ಎಂಬುದರ ಸಲಿಗೆಯನ್ನೂ ‘ಬಂದರು’ ಎಂಬುದರ ದೂರವನ್ನೂ ತಪ್ಪಿಸುವ ನಡುದಾರಿ. ಸಂಪಾದಕನು ಇದನ್ನು ವ್ಯಾಕರಣದೋಷವೆಂದು ‘ಬಂದಳು’ ಎಂದು ತಿದ್ದಿದರೆ, ಹೇಳುವವರಿಗೂ ಹೇಳಲ್ಪಟ್ಟವರಿಗೂ ಇದ್ದ ಸಂಬಂಧವೇ ಪಠ್ಯದಿಂದ ಅಳಿಸಿಹೋಗುತ್ತದೆ. ಆದುದರಿಂದ ಕ್ರಿಯಾಪದದ ರೂಪವನ್ನು ಕೇಳಿದಂತೆಯೇ ದಾಖಲಿಸುವುದು ಸಂಗ್ರಹಕಾರ್ಯದ ಮೊದಲ ಹೊಣೆಯಾಗಿದೆ.