ತಾಯಿಯ ಮನಸ್ಸಿಗೂ ಬಾಣಂತನ ಬೇಕು

ಸಿರುಗುಪ್ಪ, ಕುರುಗೋಡು ಭಾಗದಲ್ಲಿ ಭತ್ತದ ನಾಟಿಯ ಕಾಲ ಬಂದರೆ ತಾಯಂದಿರ ದಿನ ಕೋಳಿ ಕೂಗುವ ಮೊದಲೇ ಆರಂಭವಾಗುತ್ತದೆ. ಅಡುಗೆ, ಮಕ್ಕಳ ಶಾಲೆ, ಹೊಲದ ದುಡಿಮೆ, ಹಿರಿಯರ ಆರೈಕೆ ಎಲ್ಲವೂ ಒಂದೇ ಹೆಗಲ ಮೇಲೆ ಬಿದ್ದಾಗ ನಿದ್ರೆ ಕೆಡುತ್ತದೆ, ಹಸಿವು ಮಂದವಾಗುತ್ತದೆ, ಸಣ್ಣ ಮಾತಿಗೂ ಅಳು ಇಲ್ಲವೇ ಸಿಟ್ಟು ಬರುತ್ತದೆ. ಇದನ್ನು ಸೋಮಾರಿತನವೆಂದೋ ಗಾಳಿ ಸೋಕಿದೆಯೆಂದೋ ತಿಳಿಯುವುದು ಸಲ್ಲದು.

ಹೆರಿಗೆಯ ನಂತರದ ಒಂದೂವರೆ ತಿಂಗಳನ್ನು ಆಯುರ್ವೇದವು ಸೂತಿಕಾ ಕಾಲವೆಂದು ಕರೆದು ಅಭ್ಯಂಗ, ಬಿಸಿನೀರಿನ ಸ್ನಾನ, ಲಘು ಆಹಾರ, ವಿಶ್ರಾಂತಿಗಳನ್ನು ವಿಧಿಸಿದೆ. ಈ ಆರೈಕೆಯ ತಿರುಳು ಬಾಣಂತನ ಮುಗಿದ ಮೇಲೂ ಉಳಿಯಬೇಕು. ಮನೆಗೆಲಸವೂ ಕಾಯಕವೇ, ಅದನ್ನು ಮನೆಮಂದಿಯೆಲ್ಲ ಹಂಚಿಕೊಳ್ಳಬೇಕು. ಹಾಲುಣಿಸಿದ ಮೇಲೆ ಕೂಸನ್ನು ಪತಿಯೋ ಅತ್ತೆಯೋ ಎತ್ತಿಕೊಂಡರೆ ತಾಯಿಯು ನೆಮ್ಮದಿಯಾಗಿ ನಿದ್ರಿಸುತ್ತಾಳೆ. ಆಕೆ ಎಲ್ಲರೊಡನೆ ಕುಳಿತು ಬಿಸಿಯೂಟ ಉಣ್ಣಲಿ. ಸಂಜೆ ಅರ್ಧ ಗಂಟೆ ಗೆಳತಿಯರೊಡನೆ ಹಾಡಿಗೆ, ಹರಟೆಗೆ ಮೀಸಲಿರಲಿ. ಸಂತೋಷಕ್ಕೂ ಬಿಡುವು ಬೇಕು.

ಬೇಸರವು ಎರಡು ವಾರ ಮೀರಿದರೆ ವೈದ್ಯರನ್ನು ಕಾಣಬೇಕು. ಬಾಣಂತಿಗೆ ಇಲ್ಲದ ಧ್ವನಿ ಕೇಳಿಸಿದರೆ, ಸಾಯುವ ಅಥವಾ ಕೂಸಿಗೆ ಕೇಡು ಮಾಡುವ ಮಾತು ಬಂದರೆ, ಆಕೆಯನ್ನು ಒಂಟಿಯಾಗಿ ಬಿಡದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಇಲ್ಲಿ ಕಷಾಯ ನಂಬಿ ಕಾಯಬಾರದು.

ಇದರಲ್ಲಿ ನಾಚಿಕೆಯೇನು? ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿಯೇ ಮನೋರೋಗಕ್ಕೆ ಚಿಕಿತ್ಸೆ ನೀಡುವ ಪ್ರಯೋಗವನ್ನು ನಿಮ್ಹಾನ್ಸ್ ಸಂಸ್ಥೆಯು 1980ರ ದಶಕದಲ್ಲಿ ನಡೆಸಿದ್ದು ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ. ಆ ಮಾದರಿಯ ಮೇಲೆಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. ದೇಶಕ್ಕೆ ದಾರಿ ತೋರಿದ ಜಿಲ್ಲೆಯ ತಾಯಂದಿರು ಮೌನವಾಗಿ ನರಳಬಾರದು. ಟೆಲಿ ಮಾನಸ್‌ನ 14416 ಸಂಖ್ಯೆಗೆ ಹಗಲಿರುಳು ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.