ಜಡೆ ಸಪೂರವಾದಾಗ ಬೆಂಗಳೂರಿನ ನೀರನ್ನು ದೂರುವ ಮೊದಲು

ಪ್ರತಿ ವರ್ಷ ಸೆಪ್ಟೆಂಬರ್ 8ರ ಮೊಂತಿ ಫೆಸ್ತ್ ಹತ್ತಿರ ಬಂದಾಗ ಬೆಂಗಳೂರಿನಿಂದ ಕರಾವಳಿಗೆ ಬರುವ ರಾತ್ರಿ ಬಸ್ಸುಗಳು ತುಂಬಿ ತುಳುಕುತ್ತವೆ. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿ ಕಡೆಗಳಲ್ಲಿ ದುಡಿಯುವ ಮತ್ತು ಓದುವ ನಮ್ಮ ಹೆಣ್ಣು ಮಕ್ಕಳು ಹೊಸ ಅಕ್ಕಿಯ ಊಟಕ್ಕೆ ಮನೆ ಸೇರುತ್ತಾರೆ. ಮಗಳ ತಲೆಗೆ ಎಣ್ಣೆ ಹಚ್ಚಲು ಕುಳಿತ ತಾಯಿಗೆ ಥಟ್ಟನೆ ಕಾಣುವುದು ಒಂದೇ ಸಂಗತಿ: ಜಡೆ ಸಪೂರವಾಗಿದೆ. ಕೇಳಿದರೆ ಉತ್ತರ ಸಿದ್ಧವಾಗಿರುತ್ತದೆ. "ಬೆಂಗಳೂರಿನ ನೀರು, ಅಮ್ಮ."

ಈ ಮಾತನ್ನು ನಾವು ಎಷ್ಟು ಸಲ ಕೇಳಿದ್ದೇವೆಯೋ ಲೆಕ್ಕವಿಲ್ಲ. ಆದುದರಿಂದ ಈ ಬಾರಿ ಇದೇ ವಿಷಯವನ್ನು ಸ್ವಲ್ಪ ವಿವರವಾಗಿ ನೋಡೋಣ. ಇದು ಬರೀ ಅಂದಚಂದದ ವಿಷಯವಲ್ಲ. ತೆಳುವಾದ ಕೂದಲಿನ ಹಿಂದೆ ಎಷ್ಟೋ ಸಲ ರಕ್ತಹೀನತೆಯೋ ಥೈರಾಯ್ಡ್ ತೊಂದರೆಯೋ ಅಡಗಿರುತ್ತದೆ. ನೀರನ್ನು ದೂರಿ, ಎಣ್ಣೆ, ಶಾಂಪೂ, ನೀರು ಸೋಸುವ ಸಾಧನ ಎಂದು ಸಾವಿರಾರು ರೂಪಾಯಿ ಕಳೆಯುವ ಹೊತ್ತಿಗೆ ಒಳಗಿನ ಕಾಯಿಲೆ ಬೆಳೆಯುತ್ತಾ ಹೋಗುತ್ತದೆ.

ನೀರಿನ ವಿಷಯವನ್ನು ಮೊದಲು ಮುಗಿಸೋಣ. ಪಶ್ಚಿಮ ಬೆಂಗಳೂರಿನ ಅನೇಕ ಮನೆಗಳಲ್ಲಿ ಮತ್ತು ಪಿ.ಜಿ.ಗಳಲ್ಲಿ ಕಾವೇರಿ ನೀರಿನ ಜೊತೆಗೆ ಕೊಳವೆ ಬಾವಿಯ ನೀರೂ ಬಳಕೆಯಲ್ಲಿದೆ. ಕೊಳವೆ ಬಾವಿಯ ನೀರು ಗಡಸು. ಅದರಲ್ಲಿ ಸೋಪು ಚೆನ್ನಾಗಿ ನೊರೆ ಬರುವುದಿಲ್ಲ, ಕೂದಲು ಒರಟಾಗುತ್ತದೆ, ಸಿಕ್ಕಾಗಿ ಬಾಚುವಾಗ ತುಂಡಾಗುತ್ತದೆ. ಇದು ನಿಜ. ಆದರೆ ಗಡಸು ನೀರು ಕೂದಲನ್ನು ಬುಡದಿಂದ ಕೀಳುವುದಿಲ್ಲ. ಪರೀಕ್ಷೆ ಮಾಡುವುದು ಸುಲಭ. ಬಾಚಣಿಗೆಯಲ್ಲಿ ಸಿಕ್ಕಿದ ಕೂದಲನ್ನು ಬೆಳಕಿಗೆ ಹಿಡಿಯಿರಿ. ಒಂದು ತುದಿಯಲ್ಲಿ ಸಾಸಿವೆಗಿಂತಲೂ ಸಣ್ಣ ಬಿಳಿ ಗಂಟು ಕಂಡರೆ ಅದು ಬುಡದಿಂದ ಉದುರಿದ ಕೂದಲು. ಗಂಟಿಲ್ಲದ ತುಂಡು ಕೂದಲಾದರೆ ಮಾತ್ರ ನೀರು, ಬಾಚಣಿಗೆ, ಬಿಸಿ ಯಂತ್ರಗಳನ್ನು ಸಂಶಯಿಸಬಹುದು.

ಬುಡದಿಂದ ಉದುರುವುದು ಏಕೆ? ನಮ್ಮ ತಲೆಯಲ್ಲಿ ಸುಮಾರು 1 ಲಕ್ಷ ಕೂದಲುಗಳಿವೆ. ಇವುಗಳಲ್ಲಿ ಶೇಕಡಾ 85ರಿಂದ 90ರಷ್ಟು ಬೆಳೆಯುವ ಹಂತದಲ್ಲಿರುತ್ತವೆ. ಈ ಹಂತ ಕೆಲವು ವರ್ಷಗಳ ಕಾಲ ನಡೆಯುತ್ತದೆ. ಉಳಿದವು ವಿಶ್ರಾಂತಿಯಲ್ಲಿದ್ದು, ಸುಮಾರು ಮೂರು ತಿಂಗಳ ನಂತರ ಉದುರಿ ಹೊಸದಕ್ಕೆ ಜಾಗ ಬಿಡುತ್ತವೆ. ದಿನಕ್ಕೆ 50ರಿಂದ 100 ಕೂದಲು ಹೋಗುವುದು ಸಹಜ. ಕೂದಲಿನ ಬುಡದ ಜೀವಕೋಶಗಳು ದೇಹದಲ್ಲಿ ಅತಿ ವೇಗವಾಗಿ ವಿಭಜನೆಗೊಳ್ಳುವವುಗಳಲ್ಲಿ ಸೇರಿವೆ. ಆದುದರಿಂದ ಅವುಗಳಿಗೆ ಪೋಷಣೆ ಎಡೆಬಿಡದೆ ಬೇಕು. ಆದರೆ ಕೂದಲಿಲ್ಲದೆ ಮನುಷ್ಯ ಬದುಕಬಲ್ಲ, ಹೃದಯವಿಲ್ಲದೆ ಬದುಕಲಾರ. ಪೋಷಣೆ ಕಡಿಮೆಯಾದಾಗ ದೇಹ ಮೊದಲು ಕೈಬಿಡುವುದು ಕೂದಲನ್ನೇ. ಬೆಳೆಯುತ್ತಿದ್ದ ಅನೇಕ ಕೂದಲುಗಳು ಒಟ್ಟಿಗೆ ವಿಶ್ರಾಂತಿಗೆ ಹೋಗುತ್ತವೆ, ಎರಡು ಮೂರು ತಿಂಗಳ ನಂತರ ಒಟ್ಟಿಗೆ ಉದುರುತ್ತವೆ.

ಈ ಎರಡು ಮೂರು ತಿಂಗಳ ಅಂತರವೇ ಎಲ್ಲರನ್ನೂ ದಾರಿ ತಪ್ಪಿಸುವುದು. ಜೂನ್‌ನಲ್ಲಿ ಡೆಂಗೆ ಬಂದವರಿಗೆ ಸೆಪ್ಟೆಂಬರ್‌ನಲ್ಲಿ ಕೂದಲು ಉದುರುತ್ತದೆ. ಅಷ್ಟರಲ್ಲಿ ಜ್ವರ ಮರೆತು ಹೋಗಿರುತ್ತದೆ. 2020 ಮತ್ತು 2021ರಲ್ಲಿ ಕೊರೊನಾದಿಂದ ಗುಣವಾದ ಅನೇಕ ಮಹಿಳೆಯರಿಗೆ ಹೀಗೆಯೇ ಆಯಿತು. ಹೆರಿಗೆಯ ಮೂರು ತಿಂಗಳ ನಂತರ ಉದುರುವುದೂ ಇದೇ ರೀತಿ, ಅದು ಸಾಮಾನ್ಯವಾಗಿ ತಾನಾಗಿಯೇ ಸರಿಹೋಗುತ್ತದೆ. ಊರಿನಿಂದ ಬೆಂಗಳೂರಿಗೆ ಹೋದ ಹುಡುಗಿಗೆ ಮೂರನೆಯ ನಾಲ್ಕನೆಯ ತಿಂಗಳಲ್ಲಿ ಕೂದಲು ಉದುರತೊಡಗಿದರೆ, ಆಕೆ ಕೇಳಿಕೊಳ್ಳಬೇಕಾದ ಪ್ರಶ್ನೆ "ಇಲ್ಲಿಗೆ ಬಂದ ಮೇಲೆ ನೀರು ಏನಾಯಿತು" ಎಂದಲ್ಲ, "ಇಲ್ಲಿಗೆ ಬಂದ ಮೇಲೆ ನನ್ನ ಊಟ ಏನಾಯಿತು" ಎಂದು.

ಊಟ ನಿಜವಾಗಿಯೂ ಬದಲಾಗಿರುತ್ತದೆ. ಮನೆಯಲ್ಲಿ ಕುಚ್ಚಲಕ್ಕಿ ಗಂಜಿ, ಬಂಗುಡೆಯ ಅಥವಾ ಬೂತಾಯಿಯ ಸಾರು, ಹುರುಳಿ, ಬಸಳೆ, ಹರಿವೆ, ಮಳೆಗಾಲದ ಮೊದಲು ಮರುವಾಯಿ, ಭಾನುವಾರ ಬಲಿಪೂಜೆಯ ನಂತರ ಮಾಂಸ. ಪಿ.ಜಿ.ಯಲ್ಲಿ ಬೆಳಿಗ್ಗೆ ಚಿತ್ರಾನ್ನ ಅಥವಾ ರೈಸ್ ಬಾತ್, ಮಧ್ಯಾಹ್ನ ಡಬ್ಬಿಯಲ್ಲಿ ಅದೇ ತಣ್ಣಗಾದದ್ದು, ಸಂಜೆ ಬೇಕರಿಯ ಪಫ್, ರಾತ್ರಿ ಅನ್ನ ಮತ್ತು ನೀರು ಸಾಂಬಾರು. ನಡುವೆ ಮೂರು ನಾಲ್ಕು ಲೋಟ ಕಾಫಿ. ಮೈಸೂರು ರಸ್ತೆ ಮತ್ತು ಪೀಣ್ಯದ ಗಾರ್ಮೆಂಟ್ಸ್‌ಗಳಿಗೆ ಬೆಳಿಗ್ಗೆ ಓಡುವ ಸಹೋದರಿಯರಲ್ಲಿ ತಿಂಡಿಯನ್ನೇ ಬಿಡುವವರು ಅನೇಕರು. ಹೊಟ್ಟೆ ಹೇಗೋ ತುಂಬುತ್ತದೆ. ಆದರೆ ಕಬ್ಬಿಣವೂ ಸಸಾರಜನಕವೂ ಸಾಲುವುದಿಲ್ಲ. 55 ಕಿಲೋ ತೂಕದ ಮಹಿಳೆಗೆ ದಿನಕ್ಕೆ ಸುಮಾರು 46 ಗ್ರಾಂ ಸಸಾರಜನಕ, 29 ಮಿಲಿಗ್ರಾಂ ಕಬ್ಬಿಣ ಬೇಕೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ನಿಗದಿಪಡಿಸಿದೆ. ಒಂದು ಮೊಟ್ಟೆಯಲ್ಲಿರುವುದು ಸುಮಾರು 6 ಗ್ರಾಂ ಸಸಾರಜನಕ. ಚಿತ್ರಾನ್ನದ ತಟ್ಟೆಯಲ್ಲಿ ಎಷ್ಟಿರಬಹುದೆಂದು ಊಹಿಸಿಕೊಳ್ಳಿ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇಕಡಾ 47.8 ಮಂದಿಗೆ ರಕ್ತಹೀನತೆ ಇತ್ತು. ಅಂದರೆ ಭಾನುವಾರದ ಪೂಜೆಯಲ್ಲಿ ಒಂದೇ ಬೆಂಚಿನಲ್ಲಿ ಕುಳಿತ ಇಬ್ಬರಲ್ಲಿ ಒಬ್ಬರು ಎನ್ನಬಹುದು. ಬೆರಳ ತುದಿಯ ರಕ್ತದಿಂದ ಮಾಡಿದ ಈ ಲೆಕ್ಕ ಸ್ವಲ್ಪ ಹೆಚ್ಚಾಗಿರಬಹುದು ಎಂದು ವಾದಿಸುವ ತಜ್ಞರಿದ್ದಾರೆ. ಆದರೂ ಸಂಖ್ಯೆ ಸಣ್ಣದಲ್ಲ.

ಇನ್ನು ಜೀರ್ಣಕ್ರಿಯೆ. "ಕೂದಲಿನ ಸಮಸ್ಯೆ ಎಂದರೆ ಹೊಟ್ಟೆಯ ಸಮಸ್ಯೆ" ಎಂಬ ಜಾಹೀರಾತುಗಳನ್ನು ನಗರದಲ್ಲಿ ಎಲ್ಲರೂ ನೋಡಿರುತ್ತೀರಿ. ಇದರಲ್ಲಿ ಅರ್ಧ ಸತ್ಯವಿದೆ. ಗ್ಯಾಸ್ ಆದ ಮಾತ್ರಕ್ಕೆ, ಹೊಟ್ಟೆ ಉಬ್ಬರಿಸಿದ ಮಾತ್ರಕ್ಕೆ ಕೂದಲು ಉದುರುವುದಿಲ್ಲ. ಹೊಟ್ಟೆ 'ಶುದ್ಧಿ' ಮಾಡುವ ದುಬಾರಿ ಪುಡಿಗಳಿಂದ ಕೂದಲು ಬರುವುದೂ ಇಲ್ಲ. ಆದರೆ ತಿಂದದ್ದು ರಕ್ತಕ್ಕೆ ಸೇರುವುದು ಕರುಳಿನ ಮೂಲಕವೇ. ಸೊಪ್ಪು, ಕಾಳು, ರಾಗಿಯಲ್ಲಿರುವ ಕಬ್ಬಿಣದಲ್ಲಿ ನಮ್ಮ ದೇಹ ಹೀರಿಕೊಳ್ಳುವುದು ಸಣ್ಣ ಪಾಲನ್ನು ಮಾತ್ರ. ಆ ಸಣ್ಣ ಪಾಲನ್ನೂ ಕಾಫಿ, ಚಹಾ ಕಸಿದುಕೊಳ್ಳುತ್ತವೆ. ಅವುಗಳಲ್ಲಿರುವ ಒಗರು ಪದಾರ್ಥ ಕಬ್ಬಿಣವನ್ನು ಕರುಳಿನಲ್ಲೇ ಕಟ್ಟಿಹಾಕುತ್ತದೆ. ತಿಂಡಿಯ ಜೊತೆಗೇ ಫಿಲ್ಟರ್ ಕಾಫಿ ಕುಡಿಯುವುದು ಬೆಂಗಳೂರಿನ ಪದ್ಧತಿ; ನಮಗೂ ಅದು ಇಷ್ಟವೇ. ಆದರೆ ಊಟ ತಿಂಡಿಗಿಂತ ಕನಿಷ್ಠ ಒಂದು ಗಂಟೆ ಮೊದಲು ಅಥವಾ ನಂತರ ಕುಡಿಯಿರಿ ಎಂದು ಅದೇ ಪೋಷಣಾ ಸಂಸ್ಥೆ 2024ರ ಮಾರ್ಗಸೂಚಿಯಲ್ಲಿ ಹೇಳಿದೆ. ಇದಕ್ಕೆ ವಿರುದ್ಧವಾಗಿ ನಿಂಬೆ, ನೆಲ್ಲಿಕಾಯಿ, ಪೇರಳೆಯ ಸಿ ಜೀವಸತ್ವ ಕಬ್ಬಿಣ ಸೇರಲು ನೆರವಾಗುತ್ತದೆ. ಮೀನು ಮಾಂಸದ ಚೂರು ಜೊತೆಗಿದ್ದರೆ ಅದೇ ಬಟ್ಟಲಿನ ಹುರುಳಿಯ ಕಬ್ಬಿಣವೂ ಚೆನ್ನಾಗಿ ಹೀರಲ್ಪಡುತ್ತದೆ. ಹುರುಳಿ ಸಾರಿನ ಪಕ್ಕದಲ್ಲಿ ಹುರಿದ ಮೀನನ್ನಿಟ್ಟ ನಮ್ಮ ಅಜ್ಜಿಯಂದಿರಿಗೆ ರಸಾಯನಶಾಸ್ತ್ರ ಗೊತ್ತಿರಲಿಲ್ಲ.

ಹೊಟ್ಟೆಯ ಆಮ್ಲವೂ ಬೇಕು. ಎದೆಯುರಿ ಎಂದು ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ನುಂಗುವವರು ನಮ್ಮ ನಡುವೆ ಬಹಳ. ಆಮ್ಲ ತಗ್ಗಿದರೆ ಕಬ್ಬಿಣವೂ ಬಿ12 ಜೀವಸತ್ವವೂ ಸರಿಯಾಗಿ ಸೇರುವುದಿಲ್ಲ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಲ್ಲೂ ಬಿ12 ಇಳಿಯಬಹುದು. ಹಾಗೆಂದು ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ, ಬಿ12 ಪರೀಕ್ಷಿಸಬೇಕೇ ಎಂದು ವೈದ್ಯರನ್ನು ಕೇಳಿ. ಹೊಟ್ಟೆಯ ಹೆಲಿಕೊಬ್ಯಾಕ್ಟರ್ ಸೋಂಕು, ಕೊಕ್ಕೆಹುಳು, ಗೋಧಿ ಒಗ್ಗದ ಸೀಲಿಯಾಕ್ ಕಾಯಿಲೆ ಇವೂ ಕಬ್ಬಿಣವನ್ನು ಕಳೆಯುತ್ತವೆ. ಮಾತ್ರೆ ತಿಂದರೂ ರಕ್ತ ಏರದಿದ್ದರೆ ವೈದ್ಯರು ಇವುಗಳನ್ನು ಹುಡುಕುತ್ತಾರೆ. ಆದರೆ ಹೆಣ್ಣು ಮಕ್ಕಳಲ್ಲಿ ಅತಿ ಸಾಮಾನ್ಯ ಕಾರಣ ಮುಟ್ಟಿನ ಅತಿಸ್ರಾವ. ಏಳು ದಿನಕ್ಕಿಂತ ಹೆಚ್ಚು ನಡೆದರೆ, ಒಂದೆರಡು ಗಂಟೆಗೊಮ್ಮೆ ಪ್ಯಾಡ್ ಬದಲಿಸಬೇಕಾದರೆ ಅದು "ಎಲ್ಲರಿಗೂ ಆಗುವಂಥದ್ದು" ಅಲ್ಲ. ಇದನ್ನು ತಾಯಿಗೂ ಹೇಳದ ಹುಡುಗಿಯರಿದ್ದಾರೆ. ಧರ್ಮಕೇಂದ್ರಗಳ ಸ್ತ್ರೀ ಸಂಘಟನೆಯವರು ಮತ್ತು ಆರೋಗ್ಯ ಸೇವೆಯಲ್ಲಿರುವ ಧರ್ಮಭಗಿನಿಯರು ಕೇಳಿದರೆ ಮಾತ್ರ ಬಾಯಿ ಬಿಡುತ್ತಾರೆ.

ಇನ್ನು ಚಯಾಪಚಯ ಕ್ರಿಯೆ, ಅಂದರೆ ಸೇರಿದ ಆಹಾರವನ್ನು ದೇಹ ಬಳಸುವ ಬಗೆ. ಇದರ ವೇಗವನ್ನು ನಿಯಂತ್ರಿಸುವುದು ಕುತ್ತಿಗೆಯ ಥೈರಾಯ್ಡ್ ಗ್ರಂಥಿ. ಅದು ಮಂದವಾದರೆ ಕೂದಲು ಒಣಗಿ ತಲೆಯಿಡೀ ತೆಳುವಾಗುತ್ತದೆ, ಹುಬ್ಬಿನ ಹೊರತುದಿ ಸವೆಯಬಹುದು, ಮಲಬದ್ಧತೆ, ಚಳಿ, ಆಯಾಸ, ತೂಕ ಏರಿಕೆ ಜೊತೆಗಿರುತ್ತವೆ. ಮಲಬದ್ಧತೆ ಮತ್ತು ಕೂದಲು ಉದುರುವಿಕೆ ಒಟ್ಟಿಗೆ ಬಂದಾಗ "ಹೊಟ್ಟೆ ಸರಿಯಿಲ್ಲದ್ದರಿಂದ ಕೂದಲು ಹೋಯಿತು" ಎಂದು ತೋರುತ್ತದೆ; ವಾಸ್ತವದಲ್ಲಿ ಎರಡಕ್ಕೂ ಮೂಲ ಥೈರಾಯ್ಡ್ ಆಗಿರಬಹುದು. ಟಿ.ಎಸ್.ಎಚ್. ಎಂಬ ರಕ್ತಪರೀಕ್ಷೆ ಇದನ್ನು ತಿಳಿಸುತ್ತದೆ.

ಎರಡನೆಯದು ಇನ್ಸುಲಿನ್. ಪಿ.ಸಿ.ಓ.ಎಸ್. ಇರುವ ಅನೇಕರಲ್ಲಿ ದೇಹ ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸುವುದಿಲ್ಲ, ಆದುದರಿಂದ ಅದರ ಮಟ್ಟ ಏರುತ್ತದೆ. ಏರಿದ ಇನ್ಸುಲಿನ್ ಅಂಡಾಶಯದಲ್ಲಿ ಪುರುಷ ಹಾರ್ಮೋನನ್ನು ಹೆಚ್ಚಿಸುತ್ತದೆ. ಮುಟ್ಟು ತಪ್ಪುವುದು, ಗಲ್ಲದ ಮೇಲೆ ಕೂದಲು, ಮೊಡವೆ, ಕುತ್ತಿಗೆಯ ಹಿಂದೆ ಮಡಿಕೆಗಳಲ್ಲಿ ಕಪ್ಪು ಇವು ಗುರುತುಗಳು. ತಲೆಯಲ್ಲಿ ಬೈತಲೆ ಅಗಲವಾಗುತ್ತಾ ನೆತ್ತಿ ತೆಳುವಾಗುತ್ತದೆ, ಹಣೆಯ ಅಂಚು ಹಾಗೆಯೇ ಉಳಿಯುತ್ತದೆ. ಇದು ಮೇಲೆ ಹೇಳಿದ ಹಠಾತ್ ಉದುರುವಿಕೆಯಂತಲ್ಲ. ನಿಧಾನ, ವಂಶಪಾರಂಪರ್ಯವೂ ಸೇರಿರುತ್ತದೆ, ಪಿ.ಸಿ.ಓ.ಎಸ್. ಇಲ್ಲದವರಿಗೂ ಬರುತ್ತದೆ. ಇದಕ್ಕೆ ಚರ್ಮವೈದ್ಯರ ಚಿಕಿತ್ಸೆ ದೀರ್ಘಕಾಲ ಬೇಕು. ಊಟವನ್ನಷ್ಟೇ ಸರಿಪಡಿಸಿದರೆ ಸಾಲದು. ಕುತ್ತಿಗೆಯ ಕಪ್ಪನ್ನು ಕೊಳೆ ಎಂದು ತಿಳಿದು ಹುಡುಗಿಯರನ್ನು ಗದರಿಸುವ ಹಿರಿಯರು ಇದನ್ನು ಗಮನಿಸಬೇಕು.

ಮದುವೆ ನಿಶ್ಚಯವಾದ ಮೇಲೆ ಎರಡು ತಿಂಗಳಲ್ಲಿ ಹತ್ತು ಕಿಲೋ ಇಳಿಸಲು ಹೊರಡುವವರ ಬಗ್ಗೆಯೂ ಒಂದು ಮಾತು. ಕಠಿಣ ಪಥ್ಯದ ಫಲ ಸರಿಯಾಗಿ ಮದುವೆಯ ಹೊತ್ತಿಗೇ ಬಾಚಣಿಗೆಯಲ್ಲಿ ಕಾಣಿಸಿಕೊಳ್ಳುತ್ತದೆ. ತಪಸ್ಸುಕಾಲದ ಉಪವಾಸದಿಂದ ಹೀಗಾಗುತ್ತದೆಯೇ ಎಂದು ಕೇಳುವವರಿದ್ದಾರೆ. ಧರ್ಮಸಭೆ ಕಡ್ಡಾಯ ಮಾಡಿರುವುದು ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರ ಈ ಎರಡು ದಿನಗಳ ಉಪವಾಸವನ್ನು ಮಾತ್ರ, ಅದೂ 18 ತುಂಬಿದವರಿಂದ 60ಕ್ಕೆ ಕಾಲಿಡುವವರೆಗೆ. ಎರಡು ದಿನಗಳಿಂದ ಕೂದಲು ಉದುರುವುದಿಲ್ಲ. ನಲವತ್ತು ದಿನ ಮೀನು, ಮಾಂಸ, ಮೊಟ್ಟೆ ಬಿಡುವ ಭಕ್ತರು ಕಾಳು, ಮೊಸರು, ಕಡಲೆಯನ್ನು ಹೆಚ್ಚಿಸಿಕೊಂಡರೆ ಸಾಕು. ರಕ್ತಹೀನತೆ ಇರುವವರು ಬೇರೆ ತ್ಯಾಗವನ್ನು ಆರಿಸಿಕೊಳ್ಳುವ ಬಗ್ಗೆ ತಮ್ಮ ಧರ್ಮಗುರುಗಳಲ್ಲಿ ಕೇಳಬಹುದು.

ಎಲ್ಲಿಗೆ ಹೋಗುವುದು? ಇ.ಎಸ್.ಐ. ಕಾರ್ಡ್ ಇರುವ ಗಾರ್ಮೆಂಟ್ಸ್ ಸಹೋದರಿಯರಿಗೆ ಹತ್ತಿರದ ಇ.ಎಸ್.ಐ. ಚಿಕಿತ್ಸಾಲಯವಿದೆ, ಅಲ್ಲಿಂದ ರಾಜಾಜಿನಗರದ ದೊಡ್ಡ ಇ.ಎಸ್.ಐ. ಆಸ್ಪತ್ರೆಗೆ ಕಳುಹಿಸಿಕೊಡುತ್ತಾರೆ. ತಿಂಗಳ ಸಂಬಳದಿಂದ ಹಣ ಕಡಿತವಾಗುತ್ತಿದ್ದರೂ ಕಾರ್ಡನ್ನು ಒಮ್ಮೆಯೂ ಬಳಸದವರು ಇದ್ದಾರೆ. ಉಳಿದವರಿಗೆ ವಾರ್ಡುಗಳ ನಮ್ಮ ಕ್ಲಿನಿಕ್ ಮತ್ತು ನಗರ ಆರೋಗ್ಯ ಕೇಂದ್ರಗಳಿವೆ. ಕೇಳಬೇಕಾದ ಪರೀಕ್ಷೆಗಳು ಹೆಚ್ಚಿಲ್ಲ: ಹಿಮೋಗ್ಲೋಬಿನ್, ಫೆರಿಟಿನ್, ಟಿ.ಎಸ್.ಎಚ್.; ವೈದ್ಯರಿಗೆ ಬೇಕೆನಿಸಿದರೆ ಬಿ12, ಸಕ್ಕರೆ. ಗರ್ಭಿಣಿಯಲ್ಲದ ಮಹಿಳೆಯಲ್ಲಿ ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆಯಾದರೆ ರಕ್ತಹೀನತೆ. ಫೆರಿಟಿನ್ ಎಂದರೆ ಕಬ್ಬಿಣದ ಉಗ್ರಾಣ. ಹಿಮೋಗ್ಲೋಬಿನ್ ಸರಿಯಿದ್ದು ಉಗ್ರಾಣ ಬರಿದಾಗಿರುವುದೂ ಉಂಟು, ಆಗಲೂ ಕೂದಲು ತೆಳುವಾಗಬಹುದು. ಕೂದಲಿಗೆಂದು ಬಯೊಟಿನ್ ಮಾತ್ರೆ ತಿನ್ನುತ್ತಿದ್ದರೆ ಪರೀಕ್ಷೆಗೆ ಮೊದಲೇ ಹೇಳಿ. ಅದು ಥೈರಾಯ್ಡ್ ಫಲಿತಾಂಶವನ್ನು ತಪ್ಪಾಗಿ ತೋರಿಸಬಲ್ಲದು. ಬಯೊಟಿನ್ ಕೊರತೆ ಅಪರೂಪ, ಕೊರತೆ ಇಲ್ಲದವರಿಗೆ ಅದರಿಂದ ಲಾಭವಿದೆ ಎಂಬುದಕ್ಕೆ ಗಟ್ಟಿ ಆಧಾರವಿಲ್ಲ. ಕಬ್ಬಿಣದ ಮಾತ್ರೆಯನ್ನೂ ಪರೀಕ್ಷೆಯಿಲ್ಲದೆ ವರ್ಷಗಟ್ಟಲೆ ತಿನ್ನಬಾರದು. ಮಾತ್ರೆಯಿಂದ ಹೊಟ್ಟೆ ಕೆಟ್ಟರೆ ಬಿಟ್ಟುಬಿಡುವ ಬದಲು ವೈದ್ಯರಿಗೆ ತಿಳಿಸಿ. ದಿನ ಬಿಟ್ಟು ದಿನ ತೆಗೆದುಕೊಂಡರೆ ಕಬ್ಬಿಣ ಇನ್ನೂ ಚೆನ್ನಾಗಿ ಹೀರಲ್ಪಡುತ್ತದೆ ಎಂದು 2017ರಲ್ಲಿ ಪ್ರಕಟವಾದ ಸ್ವಿಟ್ಜರ್ಲೆಂಡಿನ ಅಧ್ಯಯನವೊಂದು ತೋರಿಸಿದೆ.

ಕಾರಣ ಸರಿಹೋದ ಮೇಲೂ ಕೂದಲಿಗೆ ಸಮಯ ಬೇಕು. ಉದುರುವುದು ನಿಲ್ಲಲು ಮೂರರಿಂದ ಆರು ತಿಂಗಳು, ಜಡೆ ಮೊದಲಿನಂತಾಗಲು ಒಂದು ವರ್ಷಕ್ಕೂ ಹೆಚ್ಚು, ಏಕೆಂದರೆ ಕೂದಲು ತಿಂಗಳಿಗೆ ಬೆಳೆಯುವುದು ಸುಮಾರು ಒಂದು ಸೆಂಟಿಮೀಟರ್ ಮಾತ್ರ. ಥೈರಾಯ್ಡ್ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ಬರೀ ನೀರಿನೊಂದಿಗೆ, ಕಾಫಿ ತಿಂಡಿಗಿಂತ ಅರ್ಧದಿಂದ ಒಂದು ಗಂಟೆ ಮೊದಲು ತೆಗೆದುಕೊಳ್ಳಬೇಕು. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳಿಗೂ ಅದಕ್ಕೂ ನಾಲ್ಕು ಗಂಟೆ ಅಂತರವಿರಬೇಕು. ಮುಂಜಾನೆಯ ಪೂಜೆಗೆ ಹೋಗುವ ಕೆಲವು ತಾಯಂದಿರು ಪರಮಪ್ರಸಾದಕ್ಕೆ ಮೊದಲಿನ ಒಂದು ಗಂಟೆಯ ಉಪವಾಸ ಮುರಿಯುತ್ತದೆಂದು ಹೆದರಿ ಮಾತ್ರೆಯನ್ನು ಮನೆಗೆ ಮರಳಿದ ಮೇಲೆ ಕಾಫಿಯ ಜೊತೆ ನುಂಗುತ್ತಾರೆ. ನೀರು ಮತ್ತು ಔಷಧಿಯಿಂದ ಆ ಉಪವಾಸ ಮುರಿಯುವುದಿಲ್ಲ ಎಂದು ಧರ್ಮಸಭೆಯ ಕಾನೂನೇ ಹೇಳುತ್ತದೆ. ಮಾತ್ರೆ ತೆಗೆದುಕೊಂಡೇ ಪೂಜೆಗೆ ಹೊರಡಬಹುದು.