ಲಾಬಿಯಲ್ಲಿ ಮೊದಲು ಕುರ್ಚಿ ನೋಡಿ

ನಮ್ಮ ಬಾಯಲ್ಲಿ ಹೋಟೆಲ್ ಅಂದರೆ ಇಡ್ಲಿ-ವಡೆ ಸಿಗುವ ಜಾಗ. ಅಲ್ಲಿ ತಿಂದವರು ಎದ್ದು ಮುಂದಿನವರಿಗೆ ಜಾಗ ಬಿಡಬೇಕು. ಉಳಿದುಕೊಳ್ಳುವ ದೊಡ್ಡ ಹೋಟೆಲುಗಳ ಲಾಬಿ ಹಾಗಲ್ಲ. ರೂಮು ಹಿಡಿಯದವರೂ ಒಂದು ಕಾಫಿ ಹೇಳಿ ತಾಸುಗಟ್ಟಲೆ ಕೂರಬಹುದು. ಹಾಗಾಗಿ ಬೆಂಗಳೂರಿನಲ್ಲಿ ವ್ಯವಹಾರದ ಮಾತಷ್ಟೇ ಅಲ್ಲ, ಹೆಣ್ಣು-ಗಂಡಿನ ಕಡೆಯವರ ಮೊದಲ ಭೇಟಿಯೂ ಈಗ ಅಲ್ಲೇ.

ನನ್ನ ಅಣ್ಣನ ಮಗಳ ವಿಷಯ ಮಾತಾಡಲು ಅಂಥದ್ದೇ ಒಂದು ಕಡೆ ಸೇರಿದ್ದೆವು. ತೂಗುದೀಪ, ಹೂವು ನೋಡಿ ನಾನೇ ಆರಿಸಿದ ಜಾಗ. ಅಮ್ಮ ಮೆತ್ತನೆಯ ಸೋಫಾದಲ್ಲಿ ಕೂತಳು. ಗಂಡಿನ ಕಡೆಯವರು ಬಂದಾಗ ಎದ್ದು ಕೈ ಮುಗಿಯಲು ಹೋದರೆ ಮಂಡಿ ಕೇಳಲಿಲ್ಲ. ಸೋಫಾ ಒಳಕ್ಕೆ ಎಳೆಯಿತು, ಹಿಡಿದುಕೊಳ್ಳಲು ಹಿಡಿಯೂ ಇರಲಿಲ್ಲ. ಎರಡೂ ಕೈ ಹಿಡಿದು ನಾನೇ ಎಬ್ಬಿಸಬೇಕಾಯಿತು. ಅಮ್ಮನ ಮುಖ ಸಣ್ಣಗಾದದ್ದು ನನಗೆ ಇನ್ನೂ ಮರೆತಿಲ್ಲ.

ಅಂದಿನಿಂದ ನಾನು ಮೊದಲು ನೋಡುವುದು ಕುರ್ಚಿ. ಹಿರಿಯರಿಗೆ ಸುಮಾರು 45 ಸೆಂ.ಮೀ. ಎತ್ತರದ, ಗಟ್ಟಿ ಕೈಹಿಡಿ ಇರುವ ಆಸನ ಬೇಕು. ಲ್ಯಾಪ್‌ಟಾಪ್ ಕೆಲಸಕ್ಕೆ ಸುಮಾರು 75 ಸೆಂ.ಮೀ. ಎತ್ತರದ ಮೇಜು ಬೇಕು. ಸೋಫಾದ ಮುಂದಿನ ಟೀಪಾಯಿ ಅದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಎತ್ತರವಿರುತ್ತದೆ, ಅಷ್ಟೇ. ಅರ್ಧ ಗಂಟೆ ಬಗ್ಗಿ ಟೈಪ್ ಮಾಡಿದರೆ ಬೆನ್ನು ಹಿಡಿಯುತ್ತದೆ. ಪ್ಲಗ್ ಪಾಯಿಂಟ್ ಎಲ್ಲಿದೆ ಎಂದು ಕೂರುವ ಮೊದಲೇ ಕೇಳಿ.

ಆಮೇಲೆ ಸದ್ದು. 1967ರಲ್ಲಿ ಅಟ್ಲಾಂಟಾದ ಹಯಾಟ್ ರೀಜೆನ್ಸಿಯಲ್ಲಿ ವಾಸ್ತುಶಿಲ್ಪಿ ಜಾನ್ ಪೋರ್ಟ್‌ಮನ್ 22 ಮಹಡಿ ಎತ್ತರಕ್ಕೆ ತೆರೆದ ಲಾಬಿ ಕಟ್ಟಿದ ಮೇಲೆ ಎತ್ತರದ ಲಾಬಿಗಳು ಎಲ್ಲೆಡೆ ಬಂದವು. ನೋಡಲು ಸೊಗಸು. ಆದರೆ ಕಲ್ಲುನೆಲ, ಗಾಜಿನ ಗೋಡೆ ಸದ್ದನ್ನು ಹೀರಿಕೊಳ್ಳುವುದಿಲ್ಲ. ಮಾತು, ಸೂಟ್‌ಕೇಸಿನ ಚಕ್ರದ ಗರಗರ ಎಲ್ಲ ಗುಂಯ್‌ಗುಡುತ್ತವೆ. ಕಿವಿ ಮಂದವಾದ ಅಜ್ಜನಿಗೆ ಎದುರಿನವರ ಮಾತು ಗೊತ್ತಾಗುವುದಿಲ್ಲ. ರತ್ನಗಂಬಳಿ, ಪರದೆ ಇರುವ, ಚಾವಣಿ ತಗ್ಗಿದ ಮೂಲೆ ಹಿಡಿಯಿರಿ. ರಿಸೆಪ್ಶನ್‌ನಿಂದ ದೂರ ಕೂತರೆ ಇನ್ನೂ ಒಳ್ಳೆಯದು.

ಹೊತ್ತೂ ಮುಖ್ಯ. ಬೆಳಗ್ಗೆ 11ರಿಂದ 12 ರೂಮು ಬಿಡುವವರ, ಮಧ್ಯಾಹ್ನ 2ರಿಂದ 3 ಬರುವವರ ಗದ್ದಲ. ನಾಲ್ಕರ ಮೇಲೆ ನೆಮ್ಮದಿ. ಮದುವೆ ಮುಹೂರ್ತದ ದಿನ ಬೇಡವೇ ಬೇಡ.

ವೈಫೈಗೆ ಸಾಮಾನ್ಯವಾಗಿ ಮೊಬೈಲಿಗೆ ಒಟಿಪಿ ಬರುತ್ತದೆ. ವಿದೇಶದ ಸಿಮ್ ಇರುವ ನೆಂಟರಿಗೆ ಅದು ಬಾರದೆ ಹೋಗಬಹುದು. 2008ರ ಮುಂಬೈ ದಾಳಿಯ ನಂತರ ಬಾಗಿಲಲ್ಲೇ ಬ್ಯಾಗ್ ತಪಾಸಣೆ ಆಗುತ್ತದೆ, ಹತ್ತು ನಿಮಿಷ ಮುಂಚೆ ಹೋಗಿ. ರೂಮಿನ ಬಾಡಿಗೆ ದಿನಕ್ಕೆ 7,500 ರೂಪಾಯಿ ದಾಟುವ ಹೋಟೆಲಿನಲ್ಲಿ ಕಾಫಿಗೂ 18% ಜಿಎಸ್‌ಟಿ. ಸರ್ವಿಸ್ ಚಾರ್ಜ್ ಮಾತ್ರ ಕಡ್ಡಾಯವಲ್ಲ. ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಇದನ್ನೇ ಹೇಳಿದೆ. ಬಿಲ್ಲಿನಲ್ಲಿದ್ದರೆ ತೆಗೆಯಿರಿ ಎನ್ನಲು ಸಂಕೋಚ ಬೇಡ.

ಮಕ್ಕಳಿದ್ದರೆ ಹೊರಗೆ ತೋಟ ಇದೆಯೇ ನೋಡಿ. 1887ರಲ್ಲಿ ಶುರುವಾದ ಬೆಂಗಳೂರಿನ ವೆಸ್ಟ್ ಎಂಡ್‌ನಂಥ ಹಳೆಯ ಹೋಟೆಲಿನಲ್ಲಿ ನನಗೆ ಇಷ್ಟವಾಗುವುದು ಮರಗಳೇ. ಅಜ್ಜಿ-ತಾತ ಬರುವುದಾದರೆ ಶೌಚಾಲಯ ಅದೇ ಮಹಡಿಯಲ್ಲಿರಬೇಕು, ಮೆಟ್ಟಿಲ ಪಕ್ಕ ಇಳಿಜಾರು ದಾರಿಯೂ ಇರಬೇಕು.

ಎರಡನೇ ಭೇಟಿಗೆ ಹಿಂದಿನ ದಿನವೇ ಹೋಗಿ ಜಾಗ ನೋಡಿ ಬಂದೆ. ಕಂಬದ ಪಕ್ಕ ನಾಲ್ಕು ಮರದ ಕುರ್ಚಿಗಳಿದ್ದವು, ಗಟ್ಟಿ ಕೈಹಿಡಿಯವು. ಮರುದಿನ ಬೀಗರಾಗುವವರು ಒಳಗೆ ಕಾಲಿಡುತ್ತಿದ್ದಂತೆ ಅಮ್ಮ ಹಿಡಿಗೆ ಕೈಯೂರಿ ತಾನಾಗಿಯೇ ಎದ್ದು ನಿಂತಳು.